ಬಜಪೆಯ ಪದವು, ಯಂತ್ರದ ನಕ್ಷೆ



ಇವತ್ತಿನ ವಿಷಯ ರೋಬೋಟ್. ಸಿನಿಮಾದಲ್ಲಿ ಹಾಡಿಗೆ ಕುಣಿಯುವ ರೋಬೋಟ್ ಅಲ್ಲ. ಒಂದು ಯಂತ್ರ ಇಲ್ಲಿಂದ ಅಲ್ಲಿಗೆ ಯಾವುದಕ್ಕೂ ಡಿಕ್ಕಿ ಹೊಡೆಯದೆ ಹೇಗೆ ಹೋಗ್ತದೆ, ಸುತ್ತಲಿನ ಜಾಗ ಅದಕ್ಕೆ ಹೇಗೆ ಗೊತ್ತಾಗ್ತದೆ, ಒಬ್ಬರಿಗೆ ಗೊತ್ತಿರೋದು ಇನ್ನೊಬ್ಬರಿಗೆ ತಲುಪದೇ ಹೋದ್ರೆ ಏನಾಗ್ತದೆ ಅನ್ನುವ ವಿಚಾರ. ಮೊದಲನೆಯದಕ್ಕೆ ಎಂಜಿನಿಯರ್‌ಗಳು ಮೋಷನ್ ಪ್ಲ್ಯಾನಿಂಗ್ ಅಂತಾರೆ. ನಾವು ದಾರಿ ಹೂಡೋದು ಅನ್ನೋಣ. ಸುತ್ತಲಿನ ಜಾಗದ ಒಂದೇ ಚಿತ್ರವನ್ನು ಎಲ್ಲರೂ ಇಟ್ಟುಕೊಳ್ಳೋದಕ್ಕೆ, ಕೂಡುಕುಟುಂಬ ಇದ್ದ ಹಾಗೆ, ಕೂಡುನಕ್ಷೆ ಅಂತ ಒಂದು ಹೆಸರು ಇಟ್ಕೊಳ್ಳೋಣ. ಇವತ್ತಿನ ಮಟ್ಟಿಗೆ ಸಾಕು.

ಇದನ್ನು ಹೇಳೋದಕ್ಕೆ ನಾನು ಆರಿಸಿಕೊಂಡ ಊರು ಬಜಪೆ. ಬಜಪೆಯಲ್ಲಿ ರೋಬೋಟ್ ಕಾರ್ಖಾನೆ ಏನೂ ಇಲ್ಲ ಮಾರಾಯ್ರೆ, ಹುಡುಕಬೇಡಿ. ಅಲ್ಲಿರೋದು ವಿಮಾನ ನಿಲ್ದಾಣ. ಆದ್ರೆ ಮನುಷ್ಯರು ಮತ್ತು ಯಂತ್ರಗಳು ಒಂದೇ ಜಾಗದ ಬೇರೆ ಬೇರೆ ಚಿತ್ರ ಇಟ್ಟುಕೊಂಡರೆ ಎಷ್ಟು ಬೆಲೆ ಕೊಡಬೇಕಾಗ್ತದೆ ಅನ್ನೋದು ನಮ್ಮ ರಾಜ್ಯದಲ್ಲಿ ಅಲ್ಲಿಯಷ್ಟು ಸ್ಪಷ್ಟವಾಗಿ ಬೇರೆಲ್ಲೂ ದಾಖಲಾಗಿಲ್ಲ ಅಂತ ನನ್ನ ಅಭಿಪ್ರಾಯ.

ಮೊದಲು ಜಾಗ ನೋಡೋಣ. ಕರಾವಳಿಯಲ್ಲಿ ಮುರಕಲ್ಲಿನ ಗುಡ್ಡಗಳ ನೆತ್ತಿ ಕತ್ತಿಯಿಂದ ಕೊಯ್ದ ಹಾಗೆ ಮಟ್ಟಸವಾಗಿರ್ತದೆ. ಇದಕ್ಕೆ ನಮ್ಮ ಕಡೆ ಪದವು ಅಂತಾರೆ. ಮಂಗಳೂರಿನಿಂದ ಏರ್‌ಪೋರ್ಟಿಗೆ ಹೋಗುವಾಗ ಸಿಗುವ ಪದವಿನಂಗಡಿಯ ಹೆಸರಿನಲ್ಲೇ ಅದು ಉಂಟು. ಅಲ್ಲಿಂದ ಬೋಂದೆಲ್, ಕಾವೂರು ದಾಟಿ, ಮರವೂರಿನಲ್ಲಿ ಫಲ್ಗುಣಿ ಹೊಳೆಯ ಸೇತುವೆ ಹತ್ತಿ, ಕೆಂಜಾರಿನ ಏರು ಏರಿದರೆ ವಿಮಾನ ನಿಲ್ದಾಣ. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದು ಇದು ಆರಂಭವಾಯ್ತು. ಆಗಿನ ರನ್‌ವೇ ಉದ್ದ 1,615 ಮೀಟರ್. ದೊಡ್ಡ ಜೆಟ್ ವಿಮಾನಗಳಿಗೆ ಸಾಲದು ಅಂತ ಇನ್ನೊಂದು ರನ್‌ವೇ ಕಟ್ಟಿದರು, 2,450 ಮೀಟರ್ ಉದ್ದದ್ದು. ಅದು ಬಳಕೆಗೆ ಬಂದದ್ದು 2006ರಲ್ಲಿ. ಎರಡೂ ಗುಡ್ಡದ ನೆತ್ತಿಯ ಮೇಲೆಯೇ. ತುದಿ ದಾಟಿದರೆ ಕಣಿವೆ. ಮೇಜಿನ ಮೇಲೆ ಸ್ಕೇಲ್ ಇಟ್ಟ ಹಾಗೆ. ಅದಕ್ಕೇ ಟೇಬಲ್‌ಟಾಪ್ ಅನ್ನುವ ಹೆಸರು.

1981ರ ಆಗಸ್ಟ್ 19ರಂದು ಇಂಡಿಯನ್ ಏರ್‌ಲೈನ್ಸ್‌ನ ಆವ್ರೊ ವಿಮಾನವೊಂದು ಹಳೇ ರನ್‌ವೇಯ ಮಿತಿ ಮೀರಿ ಹೋಗಿ ನಿಂತಿತು. ಯಾರೂ ಸಾಯಲಿಲ್ಲ. ಅದರ ಸುದ್ದಿ ಅಷ್ಟಕ್ಕೇ ಮುಗೀತು.

ಈಗ ಸ್ವಲ್ಪ ದೂರ ಹೋಗ್ಬೇಕು. ಯಂತ್ರಕ್ಕೆ ದಾರಿ ಹುಡುಕಲು ಕಲಿಸಿದ ಕಥೆ ಆಮ್‌ಸ್ಟರ್‌ಡಾಮಿನ ಒಂದು ಕೆಫೆಯಲ್ಲಿ ಶುರುವಾಗ್ತದೆ. 1956ರಲ್ಲಿ ಎಡ್ಸ್‌ಗರ್ ಡೈಕ್‌ಸ್ಟ್ರಾ ಅನ್ನುವ ಡಚ್ ಗಣಿತಜ್ಞ ತಾನು ಮದುವೆಯಾಗಲಿದ್ದ ಹುಡುಗಿಯ ಜೊತೆ ಪೇಟೆ ಸುತ್ತಿ ಸುಸ್ತಾಗಿ ಕಾಫಿಗೆ ಕೂತಿದ್ದ. ಒಂದು ಊರಿನಿಂದ ಇನ್ನೊಂದು ಊರಿಗೆ ಅತಿ ಹತ್ತಿರದ ದಾರಿ ಯಾವುದು ಅಂತ ಲೆಕ್ಕ ಹಾಕುವ ಕ್ರಮವನ್ನು 20 ನಿಮಿಷದಲ್ಲಿ, ಕಾಗದ ಪೆನ್ನು ಇಲ್ಲದೆ, ತಲೆಯಲ್ಲೇ ಕಟ್ಟಿದ್ದಾಗಿ ಆತನೇ ಮುಂದೆ ಹೇಳಿಕೊಂಡಿದ್ದಾನೆ. ಪ್ರಕಟವಾದದ್ದು 1959ರಲ್ಲಿ. ನಿಮ್ಮ ಫೋನಿನ ನಕ್ಷೆ ನಿಮಗೆ ದಾರಿ ತೋರಿಸುವಾಗ ಒಳಗೆ ನಡೆಯುವ ಲೆಕ್ಕದ ಮುತ್ತಜ್ಜ ಇದು.

ಹತ್ತು ವರ್ಷ ಕಳೆದು ಕ್ಯಾಲಿಫೋರ್ನಿಯಾದ ಎಸ್ಆರ್‌ಐ ಸಂಸ್ಥೆಯಲ್ಲಿ ಶೇಕಿ ಅನ್ನುವ ರೋಬೋಟ್ ಬಂತು. 1966ರಿಂದ 1972ರ ತನಕ ಅದರ ಕೆಲಸ ನಡೀತು. ನಡೆಯುವಾಗ ಅಲುಗಾಡ್ತಿತ್ತು, ಅದಕ್ಕೆ ಶೇಕಿ. ಗಾಲಿಯ ಮೇಲೊಂದು ಕಪಾಟು, ತಲೆಯ ಮೇಲೊಂದು ಕ್ಯಾಮೆರಾ. ಕೆಲವು ಕೋಣೆ, ನೆಲದಲ್ಲಿ ದೊಡ್ಡ ದೊಡ್ಡ ದಿಮ್ಮಿಗಳು, ಅವುಗಳ ನಡುವೆ ಹೋಗ್ಬೇಕು. ಡೈಕ್‌ಸ್ಟ್ರಾನ ಕ್ರಮ ನಾಲ್ಕೂ ದಿಕ್ಕಿಗೆ ಸಮನಾಗಿ ಹುಡುಕ್ತದೆ. ಗುರಿ ಆ ಕಡೆ ಇದೆ ಅಂತ ಗೊತ್ತಿದ್ದಾಗ ಈ ಕಡೆ ಯಾಕೆ ಹುಡುಕಬೇಕು? ಶೇಕಿಯ ತಂಡದ ಪೀಟರ್ ಹಾರ್ಟ್, ನಿಲ್ಸ್ ನಿಲ್ಸನ್, ಬರ್ಟ್ರಾಮ್ ರಾಫೆಲ್ 1968ರಲ್ಲಿ ಗುರಿಯ ಕಡೆ ಒಂದು ಅಂದಾಜು ಇಟ್ಟುಕೊಂಡು ಹುಡುಕುವ ಕ್ರಮ ಕೊಟ್ಟರು. ಅದರ ಹೆಸರು ಎ-ಸ್ಟಾರ್. ಇವತ್ತಿಗೂ ಕಾಲೇಜಿನಲ್ಲಿ ಪಾಠ ಮಾಡ್ತಾರೆ.

ಪಾಠದಲ್ಲಿ ಅಷ್ಟಾಗಿ ಬರದ ಒಂದು ಸಂಗತಿ ನನಗೆ ಇದಕ್ಕಿಂತ ದೊಡ್ಡದಾಗಿ ಕಾಣ್ತದೆ. ಶೇಕಿಯೊಳಗೆ ಹಲವು ಪ್ರೋಗ್ರಾಂಗಳಿದ್ದವು: ನೋಡುವುದು ಒಂದು, ದಾರಿ ಹೂಡುವುದು ಒಂದು, ಗಾಲಿ ತಿರುಗಿಸುವುದು ಒಂದು. ಇವುಗಳಿಗೆಲ್ಲ ಸೇರಿ ಜಗತ್ತಿನ ಚಿತ್ರ ಇದ್ದದ್ದು ಒಂದೇ. ದಿಮ್ಮಿ ಸರಿದಿದೆ ಅಂತ ಕಣ್ಣಿಗೆ ಗೊತ್ತಾದರೆ ಆ ಒಂದೇ ಚಿತ್ರದಲ್ಲಿ ಬರೀಬೇಕು; ದಾರಿ ಹೂಡುವವನು ಅಲ್ಲಿಂದಲೇ ಓದಬೇಕು. ಮನೆಯಲ್ಲಿ ಒಂದೇ ಕ್ಯಾಲೆಂಡರ್ ಗೋಡೆಗೆ ಹಾಕಿ ಹಾಲಿನ ಲೆಕ್ಕ, ಗ್ಯಾಸ್ ಬಂದ ದಿನ, ಎಲ್ಲರೂ ಅದರಲ್ಲೇ ಬರೆಯುವ ಹಾಗೆ. ಕೂಡುನಕ್ಷೆ ಅಂದದ್ದು ಇದನ್ನೇ.

ಆಮೇಲೆ ಬಂದ ಒಂದು ಯೋಚನೆಯನ್ನು ನಿಧಾನವಾಗಿ ಹೇಳ್ತೇನೆ, ಬಜಪೆಗೆ ವಾಪಸ್ ಹೋಗುವಾಗ ಅದು ಬೇಕಾಗ್ತದೆ. ರಥಬೀದಿಯಲ್ಲಿ ತೇರು ಎಳೆಯುವುದನ್ನು ನೆನಪು ಮಾಡಿಕೊಳ್ಳಿ. ತೇರು ಈ ತಿರುವಿನಲ್ಲಿ ಹೋಗ್ತದಾ ಇಲ್ವಾ? ತೇರಿನ ನಾಲ್ಕು ಮೂಲೆಯೂ ಎಲ್ಲಿ ತಾಗ್ತದೆ ಅಂತ ಪ್ರತಿ ಹೆಜ್ಜೆಗೂ ಲೆಕ್ಕ ಹಾಕೋದು ಕಷ್ಟ. ಅದರ ಬದಲು ತೇರನ್ನೇ ಒಂದು ಚುಕ್ಕೆ ಅಂತ ಇಟ್ಕೊಳ್ಳಿ. ತೇರಿನ ಅರ್ಧ ಅಗಲದಷ್ಟನ್ನು ಎರಡೂ ಬದಿಯ ಮನೆಗಳಿಗೆ ಸೇರಿಸಿ, ಮನೆಗಳನ್ನೇ ದಪ್ಪ ಮಾಡಿ. ಉಳಿದ ಜಾಗದಲ್ಲಿ ಚುಕ್ಕೆ ಹೋಗ್ತದೆ ಅಂತಾದ್ರೆ ತೇರೂ ಹೋಗ್ತದೆ. 1979ರಲ್ಲಿ ಟೊಮಾಸ್ ಲೊಜಾನೊ ಪೆರೆಜ್ ಮತ್ತು ಮೈಕೆಲ್ ವೆಸ್ಲಿ ಇದನ್ನು ರೋಬೋಟ್‌ಗೆ ಬೇಕಾದ ರೀತಿಯಲ್ಲಿ ಬರೆದರು. ಯಂತ್ರವನ್ನು ಕುಗ್ಗಿಸು, ಅಡ್ಡಿಯನ್ನು ಹಿಗ್ಗಿಸು.

ಅದೇ 1979ರಲ್ಲಿ ಹ್ಯಾನ್ಸ್ ಮೊರಾವೆಕ್‌ರ ಸ್ಟ್ಯಾನ್‌ಫರ್ಡ್ ಗಾಡಿ ಕುರ್ಚಿ ತುಂಬಿದ ಒಂದು ಕೋಣೆಯನ್ನು ಯಾರ ಸಹಾಯವೂ ಇಲ್ಲದೆ ದಾಟಿತು. ಹಿಡಿದ ಸಮಯ ಸುಮಾರು 5 ಗಂಟೆ! ಸ್ವಲ್ಪ ಹೋಗೋದು, ನಿಲ್ಲೋದು, ಫೋಟೊ ತೆಗೆಯೋದು, ಯೋಚಿಸೋದು. 1985ರಲ್ಲಿ ಮೊರಾವೆಕ್ ಮತ್ತು ಆಲ್ಬರ್ಟೊ ಎಲ್ಫೆಸ್ ಸೇರಿ ನೆಲವನ್ನು ಚೌಕಗಳಾಗಿ ಭಾಗ ಮಾಡಿ, ಪ್ರತಿ ಚೌಕದಲ್ಲಿ 'ಇದೆ', 'ಇಲ್ಲ' ಅಂತ ಬರೆಯುವ ಬದಲು 'ಇರುವ ಸಂಭವ ಇಷ್ಟು' ಅಂತ ಬರೆದರು. ಗೊತ್ತಿಲ್ಲ ಅನ್ನೋದನ್ನೂ ನಕ್ಷೆಯಲ್ಲಿ ಬರೆಯಲು ಬಂತು. ಇದರಿಂದ ಒಂದು ಸರಳ ನಿಯಮ ಹುಟ್ತದೆ: ನಿನ್ನ ಕಣ್ಣು ಮಂಜಾದಷ್ಟೂ ಅಡ್ಡಿಗಳನ್ನು ಇನ್ನಷ್ಟು ದಪ್ಪ ಮಾಡಿಕೋ. ಕತ್ತಲೆಯಲ್ಲಿ ಅಡುಗೆಮನೆಗೆ ಹೋಗುವಾಗ ನಾವು ಮೇಜಿನಿಂದ ಒಂದಡಿ ಹೆಚ್ಚೇ ದೂರ ಸುತ್ತಿ ಹೋಗ್ತೇವಲ್ಲ, ಹಾಗೆ.

ಸುರಕ್ಷಿತ ಸರಿ. ಆದ್ರೆ ಅಡ್ಡಿ ದಪ್ಪ ಆದಷ್ಟೂ ಹೋಗುವ ದಾರಿ ಕಿರಿದಾಗ್ತದೆ.

ಇಷ್ಟು ಇಟ್ಟುಕೊಂಡು 2010ರ ಮೇ 22ರ ಬೆಳಗ್ಗೆಗೆ ಬರೋಣ. ಏರ್ ಇಂಡಿಯಾ ಎಕ್ಸ್‌ಪ್ರೆಸ್‌ನ 812ನೇ ವಿಮಾನ, ಬೋಯಿಂಗ್ 737-800, ದುಬೈನಿಂದ ಬರ್ತಾ ಇತ್ತು. 160 ಪ್ರಯಾಣಿಕರು, 6 ಸಿಬ್ಬಂದಿ. ಮಂಗಳೂರು, ಉಡುಪಿ, ಕಾಸರಗೋಡು ಕಡೆಯವರು, ಕೊಲ್ಲಿಯಲ್ಲಿ ದುಡಿಯುವವರು, ಅವರ ಮನೆಯವರು. ಈ ವಿಮಾನವನ್ನು ನಾನು ರೋಬೋಟ್ ಕಥೆಯೊಳಗೆ ತರ್ತಿರೋದು ಸುಮ್ಮನೆ ಅಲ್ಲ. ಇಂಥ ವಿಮಾನದಲ್ಲಿ ಹೆಚ್ಚಿನ ಹೊತ್ತು ದಾರಿ ಹಿಡಿದು ಹೋಗೋದು ಯಂತ್ರ. ಅದರ ಜೊತೆಗೆ ಇಬ್ಬರು ಪೈಲಟ್‌ಗಳು, ನೆಲ ಹತ್ತಿರ ಬಂತು ಅಂತ ಕೂಗಿ ಎಚ್ಚರಿಸುವ ಇನ್ನೊಂದು ಯಂತ್ರ, ಕೆಳಗೆ ಕಂಟ್ರೋಲ್ ಟವರ್. ದಾರಿ ಹೂಡುವವರು ಐದು, ಗುಡ್ಡ ಒಂದು.

ಏರ್ ಮಾರ್ಷಲ್ ಭೂಷಣ್ ನೀಲಕಂಠ ಗೋಖಲೆ ಅವರ ನೇತೃತ್ವದ ತನಿಖಾ ನ್ಯಾಯಾಲಯ ಈ ಘಟನೆಯ ವರದಿ ಕೊಟ್ಟಿತು. ಎಲ್ಲರೂ ನೆನಪಿಟ್ಟುಕೊಂಡದ್ದು ಒಂದೇ ಮಾತು: ಕ್ಯಾಪ್ಟನ್ ನಿದ್ದೆ ಮಾಡಿದ್ದರು. ಅದು ಸುಳ್ಳಲ್ಲ. ಕಾಕ್‌ಪಿಟ್ ಧ್ವನಿಮುದ್ರಣ ಇದ್ದದ್ದು 2 ಗಂಟೆ 5 ನಿಮಿಷದ್ದು. ಅದರಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ಮಲಗಿದ್ದರು. ಆದ್ರೆ ವರದಿಯಲ್ಲಿ ಇನ್ನೂ ಒಂದು ವಿಷಯ ಉಂಟು, ಅದರ ಬಗ್ಗೆ ಜನ ಮಾತಾಡೋದು ಕಮ್ಮಿ. ಮಂಗಳೂರಿನ ರೇಡಾರ್ ಮೇ 20ರಿಂದ ಕೆಲಸ ಮಾಡ್ತಿರಲಿಲ್ಲ.

ರೇಡಾರ್ ಇದ್ದಾಗ ಕಂಟ್ರೋಲರ್‌ಗೆ ಯಾವ ವಿಮಾನ ಎಲ್ಲಿದೆ ಅಂತ ಕಾಣ್ತದೆ. ಇಲ್ಲದಾಗ ಪೈಲಟ್ ರೇಡಿಯೊದಲ್ಲಿ ಹೇಳಿದ್ದನ್ನು ಕೇಳಿ ಮನಸ್ಸಿನಲ್ಲೇ ಚಿತ್ರ ಕಟ್ಟಬೇಕು. ಚಿತ್ರ ಮಂಜಾದ್ದರಿಂದ ವಿಮಾನಗಳ ನಡುವೆ ಹೆಚ್ಚು ಅಂತರ ಇಡಬೇಕು. ಅಂದ್ರೆ ಅಡ್ಡಿಯನ್ನು ಹಿಗ್ಗಿಸೋದು. ಸಹ ಪೈಲಟ್ ಸುಮಾರು 130 ಮೈಲಿ ದೂರದಲ್ಲೇ ಕೆಳಗಿಳಿಯಲು ಅನುಮತಿ ಕೇಳಿದರು. ಸಿಗಲಿಲ್ಲ. ಬೇರೆ ವಿಮಾನಗಳಿಂದ ಅಂತರ ಕಾಯ್ದುಕೊಳ್ಳಲು ಸುಮಾರು 80 ಮೈಲಿ ಹತ್ತಿರ ಬರುವ ತನಕ ಮೇಲೇ ಇರಬೇಕಾಯ್ತು. ಇದು ಕಂಟ್ರೋಲರ್ ತಪ್ಪು ಅಂತ ನಾನು ಹೇಳ್ತಿಲ್ಲ. ಅವರ ಕೈಯಲ್ಲಿದ್ದ ನಕ್ಷೆಗೆ ಅದೇ ಸರಿಯಾದ ಲೆಕ್ಕ.

ಈಗ ಇನ್ನೊಂದು ಲೆಕ್ಕ ನೋಡಿ. ಪೈಲಟ್‌ಗಳಲ್ಲಿ ಒಂದು ಬಾಯಿಲೆಕ್ಕ ಉಂಟು: ಸಾವಿರ ಅಡಿ ಇಳಿಯಲು ಮೂರು ನಾಟಿಕಲ್ ಮೈಲಿ ಬೇಕು. ವಿಮಾನ ಇದ್ದದ್ದು 37,000 ಅಡಿಯಲ್ಲಿ. ಮೂವತ್ತೇಳು ಮೂರ್ಲೆ ನೂರಾ ಹನ್ನೊಂದು. 111 ಮೈಲಿಯಲ್ಲಿ ನಿಧಾನಕ್ಕೆ ಇಳಿಯಬೇಕಾದ ಏಣಿಯನ್ನು 80 ಮೈಲಿಯೊಳಗೆ ಇಳಿಯಬೇಕು. ಅಸಾಧ್ಯ ಏನಲ್ಲ. ಮೊದಲೇ ಗೊತ್ತು ಮಾಡಿಕೊಂಡು ಕಡಿದಾಗಿ ಇಳಿಯಬಹುದು, ಅಥವಾ ಸಮುದ್ರದ ಮೇಲೆ ಒಂದು ಸುತ್ತು ಹೊಡೆದು ಎತ್ತರ ಕಳೆದುಕೊಂಡು ಬರಬಹುದು. ಆದ್ರೆ ದಾರಿಯನ್ನು ಹೊಸದಾಗಿ ಹೂಡಬೇಕು. ವರದಿ ಹೇಳೋದು ಅದನ್ನೇ: ಇಳಿಯಲು ಸಿಕ್ಕ ದೂರ ಕಮ್ಮಿ ಇತ್ತು, ಅದಕ್ಕೆ ತಕ್ಕ ಹಾಗೆ ಇಳಿಯುವ ಯೋಜನೆ ಬದಲಾಗಲಿಲ್ಲ. ಕೊನೆಯ ಹಂತಕ್ಕೆ ಬರುವಾಗ ವಿಮಾನ ಇರಬೇಕಾದ ಎತ್ತರದ ಹೆಚ್ಚುಕಮ್ಮಿ ಎರಡರಷ್ಟು ಮೇಲಿತ್ತು.

ಇಲ್ಲಿಂದ ಮುಂದೆ ಐದು ಚಿತ್ರಗಳು ಬೇರೆ ಬೇರೆ ದಿಕ್ಕಿಗೆ ಹೋಗ್ತವೆ. ಆಗಷ್ಟೇ ಎದ್ದ ಕ್ಯಾಪ್ಟನ್ ಮನಸ್ಸಿನ ಚಿತ್ರದಲ್ಲಿ ಇಳಿಯಲು ಆಗ್ತದೆ. ಸಹ ಪೈಲಟ್ ಚಿತ್ರದಲ್ಲಿ ಆಗೋದಿಲ್ಲ. ಅವರು 'ಗೋ ಅರೌಂಡ್' ಅಂತ, ಅಂದ್ರೆ ಇಳಿಯೋದು ಬೇಡ, ಮೇಲೆ ಹೋಗಿ ಮತ್ತೊಮ್ಮೆ ಬರೋಣ ಅಂತ, ಮೂರು ಸಲ ಹೇಳ್ತಾರೆ. ಎಚ್ಚರಿಕೆಯ ಯಂತ್ರ ಸಿಂಕ್ ರೇಟ್, ಪುಲ್ ಅಪ್ ಅಂತ ಮತ್ತೆ ಮತ್ತೆ ಕೂಗ್ತದೆ. ಟವರ್‌ನವರು ಸರಿಯಾದ ದಾರಿಯಲ್ಲಿ ಬರ್ತಿದ್ದೀರಾ ಅಂತ ಕೇಳ್ತಾರೆ. ವಿಮಾನದಿಂದ ಹೌದು ಅನ್ನುವ ಉತ್ತರ ಹೋಗ್ತದೆ. ಹಾಗಾಗಿ ಟವರ್‌ನ ಚಿತ್ರದಲ್ಲಿ ಎಲ್ಲ ಸರಿ ಇದೆ, ಇಳಿಯಲು ಅನುಮತಿ ಕೊಡ್ತಾರೆ. ಸಹ ಪೈಲಟ್ ಮತ್ತು ಯಂತ್ರ, ಇಬ್ಬರ ಚಿತ್ರವೂ ಒಂದೇ ಇತ್ತು, ಸರಿಯಾಗಿಯೂ ಇತ್ತು. ಆದ್ರೆ ಸ್ಟೀರಿಂಗ್ ಇದ್ದದ್ದು ಮೂರನೆಯವರ ಚಿತ್ರದ ಕೈಯಲ್ಲಿ.

ರನ್‌ವೇಯ ಆರಂಭದ ಅಂಚನ್ನು 50 ಅಡಿ ಎತ್ತರದಲ್ಲಿ ದಾಟಬೇಕಿತ್ತು, ದಾಟಿದ್ದು ಸುಮಾರು 200 ಅಡಿಯಲ್ಲಿ. ವೇಗ 144 ನಾಟ್ ಇರಬೇಕಿತ್ತು, 160 ದಾಟಿತ್ತು. 8,033 ಅಡಿಯ ರನ್‌ವೇಯಲ್ಲಿ ಚಕ್ರ ನೆಲಕ್ಕೆ ತಾಗಿದ್ದು 5,200 ಅಡಿ ಕಳೆದ ಮೇಲೆ.

ಮುಂದಿನ ಭಾಗವನ್ನು ರೋಬೋಟ್ ಪಾಠ ಮಾಡುವ ಎಲ್ಲರೂ ಓದಬೇಕು ಅಂತ ನನ್ನ ಆಸೆ. ಅಷ್ಟು ತಡವಾಗಿ ನೆಲ ಮುಟ್ಟಿದರೂ, ಕೂಡಲೇ ಪೂರ್ತಿ ಬ್ರೇಕ್ ಹಾಕಿ ಎಂಜಿನ್‌ನ ಹಿಮ್ಮುಖ ಬಲ ಬಳಸಿದ್ದರೆ 7,600 ಅಡಿಯ ಹೊತ್ತಿಗೆ ನಿಲ್ಲಬಹುದಿತ್ತು ಅಂತ ಬೋಯಿಂಗ್ ಲೆಕ್ಕ ಕೊಟ್ಟಿತು. ಅಂದ್ರೆ ರನ್‌ವೇಯೊಳಗೇ, ಇನ್ನೂ 400 ಅಡಿ ಉಳಿಸಿಕೊಂಡು. ಅದಕ್ಕೂ ಮೊದಲು, ಚಕ್ರ ತಾಗುವ ಮುಂಚೆ, ಮೇಲೇಳುವ ದಾರಿಯೂ ತೆರೆದೇ ಇತ್ತು. ಆದ್ದದ್ದು ಏನಂದ್ರೆ, ಹಿಮ್ಮುಖ ಬಲ ಹಾಕಿ ನಿಲ್ಲಿಸಲು ಶುರು ಮಾಡಿ, ಆಮೇಲೆ ಅದನ್ನು ಬಿಟ್ಟು ಮೇಲೇಳಲು ಹೊರಟರು. ಮರದ ಎಡಕ್ಕೆ ಹೋದರೂ ಸರಿ, ಬಲಕ್ಕೆ ಹೋದರೂ ಸರಿ. ಎರಡನ್ನೂ ಅರ್ಧ ಅರ್ಧ ಸೇರಿಸಿದರೆ ನೇರ ಮರಕ್ಕೆ. ರೋಬೋಟ್ ಎಂಜಿನಿಯರ್‌ಗಳಿಗೆ ಇದು ದಿನಾ ಕಾಣುವ ಕಾಯಿಲೆ. ಪ್ರಯೋಗಾಲಯದಲ್ಲಿ ಹೆಚ್ಚೆಂದರೆ ಒಂದು ಗಾಲಿ ಮುರೀತದೆ.

ರನ್‌ವೇಯ ಆಚೆ ಸುರಕ್ಷಾ ಜಾಗ ಇದ್ದದ್ದು 90 ಮೀಟರ್. ಅಂತರರಾಷ್ಟ್ರೀಯ ಶಿಫಾರಸು 240 ಮೀಟರ್‌ನದ್ದು. ಗುಡ್ಡದ ಮೇಲೆ ಅಷ್ಟು ಜಾಗ ಎಲ್ಲಿಂದ ತರೋದು? ಅದರಾಚೆ, ವಿಮಾನಗಳಿಗೆ ದಾರಿ ತೋರಿಸುವ ಆಂಟೆನಾ ನಿಲ್ಲಿಸಿದ ಕಾಂಕ್ರೀಟ್ ಕಟ್ಟೆ. ಬಲಗಡೆಯ ರೆಕ್ಕೆ ಅದಕ್ಕೆ ಬಡಿದು, ಬೇಲಿ ಹರಿದು, ವಿಮಾನ ಕೆಂಜಾರಿನ ಕಣಿವೆಗೆ ಬಿದ್ದು ಹೊತ್ತಿ ಉರೀತು. 158 ಜನ ಸತ್ತರು. 8 ಜನ ಬದುಕಿದರು. 12 ದೇಹಗಳ ಗುರುತು ಸಿಗಲಿಲ್ಲ. ಅವರನ್ನು ಕೂಳೂರಿನಲ್ಲಿ, ಫಲ್ಗುಣಿ ಹೊಳೆಯ ದಡದಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಈಗ ಅಲ್ಲಿ ಸ್ಮಾರಕ ಉಂಟು.

ಎಚ್ಚರಿಕೆಯ ಆ ಯಂತ್ರಕ್ಕೂ ಒಂದು ಚರಿತ್ರೆ ಇದೆ, ಸ್ವಲ್ಪ ಹೇಳಿಬಿಡ್ತೇನೆ. 1974ರ ಡಿಸೆಂಬರ್ 1ರಂದು ಅಮೆರಿಕದ ಟಿಡಬ್ಲ್ಯೂಎ 514 ವಿಮಾನ ವಾಷಿಂಗ್ಟನ್ ಹತ್ತಿರ ಬೆಟ್ಟಕ್ಕೆ ಬಡಿದು 92 ಜನ ಸತ್ತರು. ಕಂಟ್ರೋಲರ್ ಇಳಿಯುವ ಕ್ರಮಕ್ಕೆ ಅನುಮತಿ ಕೊಟ್ಟರು. ಪೈಲಟ್ ಅದನ್ನು ಈಗಲೇ ಕೆಳಗಿನ ಎತ್ತರಕ್ಕೆ ಹೋಗಬಹುದು ಅಂತ ತಿಳಿದರು. ಒಂದೇ ಮಾತು, ಎರಡು ನಕ್ಷೆ. ಇದಾದ ಮೇಲೆಯೇ ಅಮೆರಿಕ ನೆಲ ಎಚ್ಚರಿಕೆ ಯಂತ್ರವನ್ನು ಕಡ್ಡಾಯ ಮಾಡಿದ್ದು. ಅದನ್ನು ರೂಪಿಸಿದ ಡಾನ್ ಬೇಟ್‌ಮನ್ 1990ರ ದಶಕದಲ್ಲಿ ಇನ್ನೂ ಮುಂದೆ ಹೋದರು. ಹಳೇ ಯಂತ್ರ ನೇರ ಕೆಳಗೆ ಮಾತ್ರ ನೋಡ್ತಿತ್ತು, ಎದುರು ಬರುವ ಬೆಟ್ಟ ಕಾಣ್ತಿರಲಿಲ್ಲ. ಬಜಪೆಯಂಥ ಜಾಗದಲ್ಲಿ ನೇರ ಕೆಳಗೆ ನೋಡಿದರೆ ಕಾಣೋದು ಕಣಿವೆ. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಗುಡ್ಡದ ನೆತ್ತಿ. ಬೇಟ್‌ಮನ್ ಇಡೀ ಭೂಮಿಯ ಏರುತಗ್ಗಿನ ನಕ್ಷೆಯನ್ನೇ ವಿಮಾನದೊಳಗೆ ಇಡಬೇಕು ಅಂತ ಹೊರಟರು. ಸೋವಿಯತ್ ಒಕ್ಕೂಟ ಕುಸಿದ ಸಮಯ. ಅವರ ಸೈನ್ಯ ಗುಟ್ಟಾಗಿ ಇಟ್ಟಿದ್ದ ಜಗತ್ತಿನ ನಕ್ಷೆಗಳು ಮಾರಾಟಕ್ಕೆ ಬಂದವು, ಬೇಟ್‌ಮನ್ ತಂಡ ಕೊಂಡುಕೊಂಡಿತು. ಯುದ್ಧಕ್ಕೆ ಅಂತ ಮಾಡಿದ ನಕ್ಷೆ ಹೀಗೆ ಪ್ರಯಾಣಿಕರ ವಿಮಾನಕ್ಕೆ ಬಂತು.

ಅಂದ್ರೆ 2010ರ ವಿಮಾನದಲ್ಲಿ ನಕ್ಷೆಗೆ ಕೊರತೆ ಇರಲಿಲ್ಲ. ಬಾಯಿ ಇತ್ತು, ಕೈ ಇರಲಿಲ್ಲ. ಸಹ ಪೈಲಟ್‌ಗೂ ಅಷ್ಟೆ. ಮೂರು ಸಲ ಹೇಳಿದರು, ಆದ್ರೆ ನಿಯಂತ್ರಣ ತಾನೇ ತೆಗೆದುಕೊಳ್ಳಲಿಲ್ಲ. ಯಾಕೆ? ಸಹ ಪೈಲಟ್ ಯಾವಾಗ ನಿಯಂತ್ರಣ ತೆಗೆದುಕೊಳ್ಳಬಹುದು ಅನ್ನುವ ಸೂಚನೆಗಳಲ್ಲೇ ಗೊಂದಲ ಇದ್ದಿರಬಹುದು ಅಂತ ವರದಿ ಹೇಳ್ತದೆ. ನಮ್ಮಲ್ಲಿ ಹಿರಿಯರು ತಪ್ಪು ದಾರಿ ಹಿಡಿದಾಗ 'ಸರ್, ಈ ಕಡೆ ಅಲ್ವಾ' ಅಂತ ಕೇಳೋದು ಒಂದು. ಸ್ಟೀರಿಂಗಿಗೆ ಕೈ ಹಾಕೋದು ಬೇರೆಯೇ.

ಇವತ್ತಿನ ರೋಬೋಟ್ ಕಟ್ಟುವವರು ಈ ಎರಡನ್ನೂ ಬೇರೆ ಬೇರೆ ಮಾಡ್ತಾರೆ. ಅಮೆರಿಕದ ವಿಲೋ ಗ್ಯಾರೇಜ್‌ನಲ್ಲಿ ರೋಬೋಟ್ ಕೈಗಳಿಗಾಗಿ ಮೂವ್‌ಇಟ್ ಅನ್ನುವ ತಂತ್ರಾಂಶ ಬೆಳೀತು. ಅದರ ನಡುಮನೆಯಲ್ಲಿ ಇರೋದು ಒಂದೇ ಚಿತ್ರ: ರೋಬೋಟ್ ಎಲ್ಲಿದೆ, ಮೇಜು ಎಲ್ಲಿದೆ, ಲೋಟ ಎಲ್ಲಿದೆ. ಕ್ಯಾಮೆರಾ ಅದರಲ್ಲಿ ಬರೀತದೆ, ದಾರಿ ಹೂಡುವ ಪ್ರೋಗ್ರಾಂ ಅದರಿಂದ ಓದ್ತದೆ. ಕೈ ಚಲಿಸ್ತಿರುವಾಗ ಯಾರಾದರೂ ಮಧ್ಯೆ ಬಂದರೆ, ಹಿಡಿದ ದಾರಿ ಈಗಲೂ ಸರಿ ಇದೆಯಾ ಅಂತ ಹೊಸ ಚಿತ್ರದ ಮೇಲೆ ಮತ್ತೆ ಪರೀಕ್ಷೆ. ಕಾರ್ಖಾನೆಗಳಲ್ಲಿ ಇದರ ಮೇಲೆ ಇನ್ನೊಂದು ಕಾವಲು ಇರ್ತದೆ. ದಾರಿ ಹೂಡುವವನು ಏನೇ ಹೇಳಲಿ, ಮನುಷ್ಯ ಹತ್ತಿರ ಬಂದರೆ ಅದು ಯಂತ್ರವನ್ನು ನಿಲ್ಲಿಸಿಯೇ ಬಿಡ್ತದೆ. ಆ ಕಾವಲಿಗೆ ಮತ್ತೊಬ್ಬರ ಒಪ್ಪಿಗೆ ಬೇಡ.

ಚಿತ್ರ ಹಳತಾಗೋದು ಇನ್ನೊಂದು ತಲೆನೋವು. ಮರವೂರು ಸೇತುವೆ ಹೇಳಿದೆನಲ್ಲ? 2021ರ ಜೂನ್‌ನಲ್ಲಿ ಅದು ಕುಸಿದು, ಏರ್‌ಪೋರ್ಟಿಗೆ ಹೋಗುವ ವಾಹನಗಳೆಲ್ಲ ಬೇರೆ ದಾರಿ ಸುತ್ತಬೇಕಾಯ್ತು. ನಿನ್ನೆಯ ನಕ್ಷೆ ಇಟ್ಟುಕೊಂಡ ಯಂತ್ರ ಎಷ್ಟು ಜಾಣ ಆದರೂ ಆ ದಿನ ನಿಮ್ಮನ್ನು ಹೊಳೆಯ ಕಡೆಗೇ ಕಳಿಸ್ತಿತ್ತು.

ಬಜಪೆಯಿಂದ ಎಲ್ಲರೂ ಕಲಿತರಾ? 2020ರ ಆಗಸ್ಟ್ 7ರಂದು ಕೋಝಿಕ್ಕೋಡ್‌ನಲ್ಲಿ, ಅದೂ ಟೇಬಲ್‌ಟಾಪ್, ಅದೇ ಕಂಪನಿಯ 737 ವಿಮಾನ ಮಳೆಯಲ್ಲಿ ರನ್‌ವೇ ಮೀರಿ ಹೋಗಿ ತುಂಡಾಯ್ತು. 21 ಜನ ಸತ್ತರು, ಇಬ್ಬರು ಪೈಲಟ್‌ಗಳೂ ಸೇರಿ. ತನಿಖಾ ವರದಿಯ ಮುಖ್ಯ ಕಾರಣ ಓದಿದಾಗ ನಾನು ಪುಟ ತಿರುಗಿಸಿ ವರ್ಷ ನೋಡಿದೆ, ಇದು 2010ರದ್ದಾ ಅಂತ. ಸ್ಥಿರವಲ್ಲದ ಇಳಿಕೆ ಮುಂದುವರಿಸಿದ್ದು, ರನ್‌ವೇಯ ಅರ್ಧ ಕಳೆದ ಮೇಲೆ ನೆಲ ಮುಟ್ಟಿದ್ದು, ಗೋ ಅರೌಂಡ್ ಅಂತ ಇನ್ನೊಬ್ಬ ಪೈಲಟ್ ಹೇಳಿದರೂ ಕೇಳದ್ದು, ಆ ಇನ್ನೊಬ್ಬರು ನಿಯಂತ್ರಣ ತೆಗೆದುಕೊಳ್ಳದ್ದು.

ನಮ್ಮದೇ ರಾಜ್ಯದಿಂದ ಒಂದು ಯಂತ್ರ ಇದಕ್ಕೆ ಪೂರ್ತಿ ಉಲ್ಟಾ ನಡೆದದ್ದನ್ನೂ ಹೇಳ್ಬೇಕು. ಚಂದ್ರಯಾನ-3. 2019ರ ಸೆಪ್ಟೆಂಬರ್‌ನಲ್ಲಿ ಚಂದ್ರಯಾನ-2ರ ಲ್ಯಾಂಡರ್ ಬಿದ್ದು ಹೋದದ್ದಕ್ಕೆ ಇಸ್ರೊ ಅಧ್ಯಕ್ಷರಾಗಿದ್ದ ಸೋಮನಾಥ್ ಕೊಟ್ಟ ಕಾರಣಗಳಲ್ಲಿ ಒಂದು, ಇಳಿಯಲು ಗೊತ್ತು ಮಾಡಿದ ಜಾಗ ತೀರಾ ಕಿರಿದು, 500 ಮೀಟರ್ ಉದ್ದ, 500 ಮೀಟರ್ ಅಗಲ. ಎಂಜಿನ್‌ಗಳು ಅಂದುಕೊಂಡದ್ದಕ್ಕಿಂತ ಹೆಚ್ಚು ಬಲ ಕೊಟ್ಟಿದ್ದವು, ತಪ್ಪುಗಳು ಕೂಡಿಕೊಂಡಿದ್ದವು, ಆದರೂ ನೌಕೆ ಆ ಸಣ್ಣ ಚೌಕಕ್ಕೇ ಹೋಗಿ ಸೇರಲು ಪರದಾಡಿತು. ಪರಿಸ್ಥಿತಿ ಬದಲಾದರೂ ಹಳೇ ಗುರಿಗೇ ಅಂಟಿಕೊಂಡದ್ದು. ಕೇಳಿದ ಹಾಗೆ ಇದೆ ಅಲ್ವಾ? ಮುಂದಿನ ಸಲ ಆ ಚೌಕವನ್ನು 4 ಕಿಲೋಮೀಟರ್ ಉದ್ದ, 2.4 ಕಿಲೋಮೀಟರ್ ಅಗಲಕ್ಕೆ ಹಿಗ್ಗಿಸಿದರು. ಅಪಾಯ ಕಂಡರೆ ಜಾಗ ಬದಲಿಸಲು ಕ್ಯಾಮೆರಾ ಕೊಟ್ಟರು. 2023ರ ಆಗಸ್ಟ್ 23ರ ಸಂಜೆ ಇಳೀತು.

ಅದರೊಳಗಿಂದ ಬಂದ ಪ್ರಜ್ಞಾನ್ 26 ಕಿಲೋ ತೂಕದ, ಆರು ಗಾಲಿಯ ರೋವರ್. ಸೆಕೆಂಡಿಗೆ 1 ಸೆಂಟಿಮೀಟರ್ ನಡಿಗೆ. ಎರಡು ಕಣ್ಣು, ಬೆಂಗಳೂರಿನ ಲಿಯೋಸ್ ಪ್ರಯೋಗಾಲಯ ಮಾಡಿದ ಕ್ಯಾಮೆರಾಗಳು. ಅದು ತಾನೇ ದಾರಿ ಹೂಡ್ತಿರಲಿಲ್ಲ. ತೆಗೆದ ಚಿತ್ರ ಮೊದಲು ವಿಕ್ರಮ್ ಲ್ಯಾಂಡರ್‌ಗೆ, ಅಲ್ಲಿಂದ ಬ್ಯಾಲಾಳುವಿನ ದೊಡ್ಡ ಆಂಟೆನಾಗೆ, ಅಲ್ಲಿಂದ ಬೆಂಗಳೂರಿನ ಇಸ್ಟ್ರಾಕ್‌ಗೆ. ಎರಡು ಚಿತ್ರ ಹೊಂದಿಸಿ ನೆಲದ ಏರುತಗ್ಗಿನ ನಕ್ಷೆ ಮಾಡ್ತಿದ್ದರು. ಬೇರೆ ಬೇರೆ ತಂಡದವರು ಅದೇ ನಕ್ಷೆ ನೋಡಿ, ಯಾವ ಕಡೆ ಅಂತ ನಿರ್ಧಾರ ಮಾಡಿ, ಆದೇಶ ಕಳಿಸ್ತಿದ್ದರು. ನಕ್ಷೆ ನಂಬಬಹುದಾದದ್ದು 5 ಮೀಟರ್ ತನಕ ಮಾತ್ರ, ಹಾಗಾಗಿ ಒಂದು ಆದೇಶಕ್ಕೆ ಹೆಚ್ಚೆಂದರೆ 5 ಮೀಟರ್ ನಡಿಗೆ. ಒಂದು ಸಲ ನಡೆದು ಇನ್ನೊಂದು ಸಲ ನಡೆಯುವ ನಡುವೆ ಸರಾಸರಿ 5 ಗಂಟೆ ಹೋಗ್ತಿತ್ತು. ಮೊರಾವೆಕ್‌ರ ಗಾಡಿಯ ನೆನಪು ಬಂತು ನನಗೆ.

ಆಗಸ್ಟ್ 27ರಂದು ರೋವರ್ ಎದುರು, 3 ಮೀಟರ್ ದೂರದಲ್ಲಿ, 4 ಮೀಟರ್ ಅಗಲದ ಒಂದು ಗುಂಡಿ ಕಂಡಿತು. ಇನ್ನೂ 2 ಮೀಟರ್ ಹೋಗಿ ನೋಡೋಣ ಅಂತ ಯಾರೂ ಅನ್ನಲಿಲ್ಲ. ಬಂದ ದಾರಿಯಲ್ಲೇ ಹಿಂದೆ ಬಾ ಅಂತ ಬೆಂಗಳೂರಿನಿಂದ ಆದೇಶ ಹೋಯ್ತು. ರೋವರ್ ಹಿಂದೆ ಬಂದು ಹೊಸ ದಾರಿ ಹಿಡೀತು. ಸೆಪ್ಟೆಂಬರ್ 2ರ ಹೊತ್ತಿಗೆ ಅದು ಒಟ್ಟು ನಡೆದದ್ದು 100 ಮೀಟರ್‌ಗಿಂತ ಸ್ವಲ್ಪ ಜಾಸ್ತಿ. ಆಮೇಲೆ ಚಂದ್ರನಲ್ಲಿ ರಾತ್ರಿ ಆಗುವ ಮೊದಲು ಅದನ್ನು ಮಲಗಿಸಿದರು. ಮತ್ತೆ ಅದು ಏಳಲಿಲ್ಲ.